‘ಎವೆಂಟುವೆಲ್’ ಅಂದ್ರೆ ‘ಇವೆಂಚುವಲಿ’ ಅಲ್ಲ

ನಮ್ಮ ಕಡೆ ಊಟಕ್ಕೆ ಕೂತವರು ‘ಸಾಕು’ ಅಂದರೆ ಬಡಿಸುವವರು ಸುಮ್ಮನೆ ಮುಂದೆ ಹೋಗೋದಿಲ್ಲ. ‘ನಿಜವಾಗ್ಲೂ ಸಾಕಾ?’ ಅಂತ ಇನ್ನೊಂದು ಸಲ ಕೇಳ್ತಾರೆ. ಅದು ಉಪಚಾರ. ಅದೇ ಮಾತನ್ನ ಕಂಪ್ಯೂಟರ್ ಕೇಳಿದರೆ? ಜರ್ಮನ್ನರು ಬರೆದ ಸಾಫ್ಟ್‌ವೇರನ್ನ ಇಂಗ್ಲಿಷಿನಲ್ಲಿ ಬಳಸಿದವರಿಗೆ ಇದು ಗೊತ್ತಿರುತ್ತೆ. ಒಂದು ಫೈಲ್ ಅಳಿಸೋಕೆ ಹೋದರೆ ‘ಡು ಯು ರಿಯಲಿ ವಾಂಟ್ ಟು ಡಿಲೀಟ್ ದ ಫೈಲ್?’ ಅಂತ ಒಂದು ಡಬ್ಬಿ ಎದುರಿಗೆ ನಿಲ್ಲುತ್ತೆ. ಜರ್ಮನ್ ಪ್ರಶ್ನೆಯಲ್ಲಿ ‘ವಿರ್ಕ್ಲಿಷ್’ ಅನ್ನೋ ಪದ ಸಾರಿನೊಳಗಿನ ಉಪ್ಪಿದ್ದ ಹಾಗೆ, ಇದೆ ಅಂತ ಯಾರ ಗಮನಕ್ಕೂ ಬರೋದಿಲ್ಲ. ಇಂಗ್ಲಿಷಿಗೆ ‘ರಿಯಲಿ’ ಆಗಿ ಬಂದ ಕೂಡಲೇ ಅದಕ್ಕೊಂದು ಅನುಮಾನದ ದನಿ ಬಂದುಬಿಡುತ್ತೆ. ‘ಏನಪ್ಪಾ, ತಲೆ ನೆಟ್ಟಗಿದೆಯಾ ನಿನಗೆ?’ ಅಂತ ಕೇಳಿದ ಹಾಗೆ.

ಸುಮಾರು ಹತ್ತು ವರ್ಷದಿಂದ ನನ್ನ ಅನ್ನದ ಒಂದು ಪಾಲು ಇಂಥ ವಾಕ್ಯಗಳಿಂದಲೇ ಬರ್ತಿದೆ. ಕಾರ್ಖಾನೆಗಳಲ್ಲಿ ಪುಡಿ, ಕಾಳು, ಎಣ್ಣೆ ತುಂಬಿ ಪ್ಯಾಕ್ ಮಾಡುವ ಯಂತ್ರಗಳಿರುತ್ತವಲ್ಲ, ಅವುಗಳ ಮುಂದಿರುವ ಟಚ್ ಪರದೆಯ ಸಾಫ್ಟ್‌ವೇರ್ ನಮ್ಮದು. ಯಂತ್ರ ಜರ್ಮನಿಯದು, ಪರದೆಯ ಕೋಡು ಬೆಂಗಳೂರಿನದು. ಪರದೆ ಮೇಲೆ ಬರುವ ಮಾತುಗಳೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿರುತ್ತವೆ. ಒಂದು ಕಾಲಂ ಜರ್ಮನ್, ಪಕ್ಕದ್ದು ಇಂಗ್ಲಿಷ್, ಕೆಳಗೆ ಸಾವಿರಾರು ಸಾಲು. ಆ ಇಂಗ್ಲಿಷ್ ಕಾಲಮ್ಮನ್ನ ‘ನ್ಯಾಚುರಲ್’ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಬಿಇಗೆ ಬಂದ ಮೇಲೆ ಲ್ಯಾಬ್ ರೆಕಾರ್ಡ್ ಬರೆಯುತ್ತ ಇಂಗ್ಲಿಷ್ ಕಲಿತವನ ಪಾಲಿಗೆ! ಕಾರಣ ಇಷ್ಟೇ: ತಂಡದಲ್ಲಿ ಕಾಮಾ, ಆರ್ಟಿಕಲ್ ಅಂತ ತಲೆ ಕೆಡಿಸಿಕೊಳ್ಳುವವನು ನಾನೊಬ್ಬನೇ ಇದ್ದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದವರು ವ್ಯಾಕರಣಕ್ಕೆ ಹೆದರೋದಿಲ್ಲ. ನಮ್ಮಂಥವರು ಹೆದರ್ತೀವಿ, ಹೆದರಿ ಅದನ್ನ ಚೆನ್ನಾಗಿ ಕಲೀತೀವಿ.

ಮೊದಮೊದಲು ಕೆಲಸ ತಮಾಷೆಯಾಗಿತ್ತು. ಯಂತ್ರದಲ್ಲಿ ಏನಾದರೂ ಕೆಟ್ಟರೆ ಅಲಾರಂ ಬರುತ್ತೆ. ‘ನೋಡಿದ್ದೀನಿ’ ಅಂತ ತಿಳಿಸೋಕೆ ಆಪರೇಟರ್ ಒಂದು ಗುಂಡಿ ಒತ್ತಬೇಕು. ಜರ್ಮನ್‌ನಲ್ಲಿ ಅದಕ್ಕೆ ‘ಕ್ವಿಟೀರನ್’ ಅಂತಾರೆ. ಸ್ವೀಕೃತಿ ಕೊಡು, ರಸೀದಿ ಹಾಕು ಅನ್ನೋ ಅರ್ಥ. ಹಳೆಯ ಹಾಳೆಯಲ್ಲಿ ಅದರ ಮುಂದೆ ‘ಕ್ವಿಟ್’ ಅಂತಿತ್ತು. ಒತ್ತಿದರೆ ಯಂತ್ರವೇ ಆಫ್ ಆಗುತ್ತೆ ಅಂದುಕೊಂಡು ಆಪರೇಟರುಗಳು ಅದನ್ನ ಮುಟ್ಟುತ್ತಲೇ ಇರಲಿಲ್ಲ. ಮೋಟಾರ್ ಕೈಕೊಟ್ಟರೆ ‘ಶ್ಟೋರುಂಗ್’, ಇಂಗ್ಲಿಷಿನಲ್ಲಿ ‘ಡಿಸ್ಟರ್ಬೆನ್ಸ್ ಇನ್ ಮೋಟಾರ್ 3’. ಪಾಪ, ಮೋಟಾರು ಮಲಗಿತ್ತೇನೋ, ಯಾರೋ ಹೋಗಿ ಎಬ್ಬಿಸಿಬಿಟ್ಟರು! ಇನ್ನೊಂದು ‘ಟಿಪ್‌ಬೆಟ್ರೀಪ್’. ಗುಂಡಿಯನ್ನ ತಟ್ಟಿ ತಟ್ಟಿ ಯಂತ್ರವನ್ನ ಸ್ವಲ್ಪ ಸ್ವಲ್ಪವೇ ಓಡಿಸೋದು. ‘ಟಿಪ್ಪನ್’ ಅಂದರೆ ತಟ್ಟು ಅಂತಲೂ ಆಗುತ್ತೆ, ಟೈಪ್ ಮಾಡು ಅಂತಲೂ ಆಗುತ್ತೆ. ಹಾಗಾಗಿ ಹಾಳೆಯಲ್ಲಿ ‘ಟೈಪಿಂಗ್ ಆಪರೇಶನ್’ ಅಂತ ಇತ್ತು. ನಮ್ಮ ಕಾರ್ಖಾನೆಗಳಲ್ಲಿ ಎಲ್ಲರೂ ಅದಕ್ಕೆ ‘ಇಂಚಿಂಗ್’ ಅಂತಾರೆ, ‘ಸ್ವಲ್ಪ ಇಂಚಿಂಗ್ ಕೊಡು’ ಅಂತ. ನಿಘಂಟು ಹುಡುಕುವ ಬದಲು ಯಂತ್ರದ ಪಕ್ಕ ಹತ್ತು ನಿಮಿಷ ನಿಂತಿದ್ದರೆ ಈ ಪದ ತಾನಾಗಿ ಸಿಗುತ್ತಿತ್ತು.

ಜರ್ಮನಿಯಿಂದ ಬಂದ ಹಳೇ ಯಂತ್ರಗಳ ಕೆಂಪು ಗುಂಡಿಯ ಪಕ್ಕ ‘ನೋಟ್-ಔಸ್’ ಅಂತ ಬರೆದಿರುತ್ತೆ. ‘ನೋಟ್’ ಅಂದರೆ ಆಪತ್ತು, ‘ಔಸ್’ ಅಂದರೆ ಬಂದ್. ಆಪತ್ತಿನಲ್ಲಿ ಒತ್ತಬೇಕಾದ ಗುಂಡಿ. ಆದರೆ ಆ ಮೊದಲ ಮೂರಕ್ಷರ ಇಂಗ್ಲಿಷ್ ಬಲ್ಲವರ ಕಣ್ಣಿಗೆ ‘ನಾಟ್’. ಬೇರೆ ಯಾವ ಗುಂಡಿಯನ್ನ ಬೇಕಾದರೂ ಒತ್ತು, ಇದನ್ನ ಮಾತ್ರ ಬೇಡ ಅಂದ ಹಾಗೆ! ಪುಣ್ಯಕ್ಕೆ ಕೆಂಪು ಬಣ್ಣಕ್ಕೆ ಅನುವಾದ ಬೇಕಿಲ್ಲ.

ಇವೆಲ್ಲ ನಕ್ಕು ತಿದ್ದುವ ತಪ್ಪುಗಳು. ತಪ್ಪು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಅದೇ ಅವುಗಳ ದೊಡ್ಡ ಗುಣ.

ಇನ್ನೊಂದು ಜಾತಿ ಇದೆ. ತಪ್ಪೋ ಸರಿಯೋ, ಹಾಗೇ ಗಟ್ಟಿಯಾಗಿ ಕೂತು ಒಂದು ದಿನ ತಾವೇ ಇಂಗ್ಲಿಷ್ ಆಗಿಬಿಡುವಂಥವು. ಇದಕ್ಕೆ ಎಸ್‌ಎಪಿಗಿಂತ ಒಳ್ಳೆ ಉದಾಹರಣೆ ಇಲ್ಲ. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಎಂಜಿನಿಯರುಗಳು ಜರ್ಮನಿಯಲ್ಲಿ ಶುರುಮಾಡಿದ ಕಂಪನಿ ಅದು. ಬೆಂಗಳೂರಿನಲ್ಲಿ ಒಂದು ಕಲ್ಲು ಎಸೆದರೆ ಅದರ ಕನ್ಸಲ್ಟೆಂಟ್ ಒಬ್ಬರ ಮೇಲೆ ಬೀಳುತ್ತೆ. ಅವರ ಮಾತು ಕೇಳಿದ್ದೀರಾ? ‘ಎಕ್ಕೋ ನೋಡಿದ್ಯಾ?’ ‘ಬುಕರ್ಸ್ ಹಾಕು’ ‘ಮಟ್‌ನರ್ ತಪ್ಪಿದೆ’. ಎಕ್ಕೋ ಅಂದರೆ ಖರೀದಿ ದಾಖಲೆಗಳ ತಲೆಭಾಗ ಇರುವ ಟೇಬಲ್ಲು. ಖರೀದಿಗೆ ಜರ್ಮನ್‌ನಲ್ಲಿ ‘ಐನ್‌ಕೌಫ್’, ತಲೆಗೆ ‘ಕೋಪ್ಫ್’, ಎರಡನ್ನೂ ಕತ್ತರಿಸಿ ಅಂಟಿಸಿದರೆ ಎಕ್ಕೋ. ಬುಕರ್ಸ್ ಅಂದರೆ ‘ಬೂಖುಂಗ್ಸ್‌ಕ್ರೈಸ್’. ಅಕ್ಷರಶಃ ಲೆಕ್ಕ ಬರೆಯುವ ವೃತ್ತ, ಇಂಗ್ಲಿಷಿನಲ್ಲಿ ‘ಕಂಪನಿ ಕೋಡ್’. ಹೆಸರು ಐದಕ್ಷರಕ್ಕೆ ಮೀರಬಾರದು ಅನ್ನೋ ಕಾಲದಲ್ಲಿ ಹುಟ್ಟಿದ ಈ ಜರ್ಮನ್ ಮೊಟಕುಗಳನ್ನ ಒಂದಕ್ಷರ ಜರ್ಮನ್ ಬಾರದ ನಮ್ಮ ಹುಡುಗರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಮನೆ ಕಟ್ಟಿಸಿದ್ದಾರೆ, ಮದುವೆ ಮಾಡಿಕೊಂಡಿದ್ದಾರೆ. ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವು ಗುರುತಿನ ಚೀಟಿಗಳು, ಅರ್ಥವಾಗಲೇಬೇಕು ಅಂತೇನಿಲ್ಲ.

ತಕರಾರು ಇರೋದು ಅರ್ಧ ಅನುವಾದದ ಬಗ್ಗೆ. ಲೆಕ್ಕದ ಸಾಲು ಡೆಬಿಟ್ಟೋ ಕ್ರೆಡಿಟ್ಟೋ ಅಂತ ಹೇಳುವ ಒಂದು ಅಂಕಣ ಎಸ್‌ಎಪಿಯಲ್ಲಿದೆ. ಅದರ ತಲೆಬರಹವನ್ನ ‘ಡೆಬಿಟ್/ಕ್ರೆಡಿಟ್’ ಅಂತ ಇಂಗ್ಲಿಷಿಗೆ ತಂದರು. ಒಳಗೆ ತುಂಬುವ ಅಕ್ಷರಗಳು ಮಾತ್ರ ಇವತ್ತಿಗೂ ‘ಎಸ್’ ಮತ್ತು ‘ಎಚ್’. ಎಸ್ ಅಂದರೆ ‘ಝೋಲ್’, ‘ಬೇಕು’ ಅನ್ನೋ ಅರ್ಥದ ಪದ. ಎಚ್ ಅಂದರೆ ‘ಹಾಬನ್’, ‘ಇರುವುದು’. ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ‘ಕೊಡಬೇಕು, ಬರಬೇಕು’ ಇದ್ದ ಹಾಗೆ ಮನುಷ್ಯರು ಆಡುವ ಮಾತು. ಹೊಸದಾಗಿ ಸೇರಿದ ಬಿಕಾಂ ಹುಡುಗ ಡೆಬಿಟ್‌ಗೆ ‘ಡಿ’ ಹುಡುಕ್ತಾನೆ, ಸಿಗೋದಿಲ್ಲ. ‘ಎಸ್ ಯಾಕೆ ಸಾರ್?’ ಅಂದರೆ ‘ಅದು ಹಾಗೇ’ ಅನ್ನೋ ಉತ್ತರ. ಬೋರ್ಡಿಗೆ ಬಣ್ಣ ಹೊಡೆದು ಮನೆಯೊಳಗೆ ಸುಣ್ಣ ಬಳಿಯದೆ ಬಿಟ್ಟ ಹಾಗಾಯ್ತು.

‘ಕ್ಲೈಂಟ್’ ಕತೆ ಇನ್ನೂ ಚೆಂದ. ಜರ್ಮನ್ ಪದ ‘ಮಾಂಡಾಂಟ್’, ವಕೀಲರ ಕಕ್ಷಿದಾರ. ಅದನ್ನ ಇಂಗ್ಲಿಷಿಗೆ ತರುವವರು ‘ಕ್ಲೈಂಟ್’ ಅಂದರು. ನಿಘಂಟಿನ ಪ್ರಕಾರ ಶುದ್ಧವಾಗಿ ಸರಿ. ಆದರೆ ಬೆಂಗಳೂರಿನಲ್ಲಿ ಕ್ಲೈಂಟ್ ಅಂದರೆ ದುಡ್ಡು ಕೊಡುವವರು. ನೆಟ್‌ವರ್ಕ್ ಕಲಿತವರಿಗೆ ಕ್ಲೈಂಟ್ ಅಂದರೆ ಸರ್ವರ್‌ನ ಎದುರಿಗಿರೋದು. ಎಸ್‌ಎಪಿಯಲ್ಲಿ ಮಾತ್ರ ಅದು ಮೂರಂಕಿಯ ಒಂದು ಸಂಖ್ಯೆ. ಒಂದೇ ವ್ಯವಸ್ಥೆಯೊಳಗೆ ಬೇರೆಬೇರೆಯಾಗಿ ಕಾಪಾಡಿದ ದತ್ತಾಂಶದ ಒಂದೊಂದು ಪಾಲು. ‘ಕ್ಲೈಂಟ್ ನೂರನ್ನ ಮುಟ್ಟಬೇಡಿ ಅಂತ ಕ್ಲೈಂಟ್ ಹೇಳಿದ್ದಾರೆ’ ಅನ್ನೋ ವಾಕ್ಯ ನಮ್ಮ ಊರಿನ ಆಫೀಸುಗಳಲ್ಲಿ ಯಾರಿಗೂ ನಗು ತರಿಸೋದಿಲ್ಲ. ಈಚೆಗೆ ಇದೇ ಕಲ್ಪನೆಗೆ ಇಂಗ್ಲಿಷಿನವರೇ ‘ಟೆನೆಂಟ್’ ಅಂತಾರೆ, ಬಾಡಿಗೆದಾರ. ಸಿಕ್ಕಿತು ನೋಡಿ! ನಾನು ಹೊಸಬರಿಗೆ ‘ವಠಾರ’ ಅಂತ ಹೇಳಿಕೊಡ್ತೀನಿ. ಗೇಟು ಒಂದೇ, ಬಾವಿ ಒಂದೇ, ಮನೆ ಬೇರೆಬೇರೆ, ಒಬ್ಬರ ಅಡಿಗೆಮನೆಗೆ ಇನ್ನೊಬ್ಬರು ನುಗ್ಗುವ ಹಾಗಿಲ್ಲ. ಒಂದೇ ನಿಮಿಷಕ್ಕೆ ಅರ್ಥವಾಗುತ್ತೆ.

‘ಡನಿಂಗ್’ ಅನ್ನೋ ಪದದ ಬಗ್ಗೆ ನನಗೆ ಮೊದಲು ಕೋಪವಿತ್ತು, ಈಗಿಲ್ಲ. ಬಾಕಿ ಉಳಿಸಿಕೊಂಡ ಗಿರಾಕಿಗೆ ಮತ್ತೆ ಮತ್ತೆ ಪತ್ರ ಕಳಿಸೋದಕ್ಕೆ ಜರ್ಮನ್‌ನಲ್ಲಿ ‘ಮಾನುಂಗ್’. ಇಂಗ್ಲಿಷಿನಲ್ಲಿ ಯಾರೂ ಬಳಸದೆ ಮೂಲೆಗೆ ಬಿದ್ದಿದ್ದ ‘ಡನ್’ ಅನ್ನೋ ಹಳೇ ಕ್ರಿಯಾಪದವನ್ನ ಎತ್ತಿ ತಂದು ಕೂರಿಸಿದರು. ‘ಪೇಮೆಂಟ್ ರಿಮೈಂಡರ್’ ಅನ್ನಬಹುದಿತ್ತಲ್ಲ ಅಂತ ನಾನು ವಾದ ಮಾಡ್ತಿದ್ದೆ. ಆದರೆ ರಿಮೈಂಡರ್ ಅಂದರೆ ನೆನಪಿಸೋದು ಅಷ್ಟೇ. ಮಾನುಂಗ್‌ಗೆ ಹಂತಗಳಿವೆ, ಎಸ್‌ಎಪಿಯಲ್ಲಿ ಒಂಬತ್ತರವರೆಗೂ ಇಟ್ಟುಕೊಳ್ಳಬಹುದು, ಹಂತ ಏರಿದಂತೆ ದನಿಯೂ ಏರುತ್ತೆ. ಊರಿನ ಸೊಸೈಟಿ ಸಾಲದ ಹಾಗೆ: ಮೊದಲು ತಿಳುವಳಿಕೆ ಪತ್ರ, ಆಮೇಲೆ ನೋಟೀಸು, ಆಮೇಲೆ ಮನೆ ಮುಂದೆ ಜೀಪು. ಈ ಏರಿಕೆ ‘ಡನಿಂಗ್’ನಲ್ಲಿದೆ, ‘ರಿಮೈಂಡರ್’ನಲ್ಲಿಲ್ಲ. ಈಗ ಜರ್ಮನಿಗೆ ಸಂಬಂಧವೇ ಇಲ್ಲದ ಬಿಲ್ಲಿಂಗ್ ಸಾಫ್ಟ್‌ವೇರುಗಳೂ ಡನಿಂಗ್ ಅಂತಲೇ ಬರೀತವೆ. ಸಹಜ ಅಲ್ಲದ್ದು ಬಳಸಿ ಬಳಸಿ ಸಹಜವಾಯ್ತು. ಹಾಗಾಗಿ ‘ಇದು ನ್ಯಾಚುರಲ್ ಇಂಗ್ಲಿಷ್ ಅಲ್ಲ’ ಅಂತ ಯಾರಾದರೂ ಮೇಜು ಕುಟ್ಟಿದರೆ ನಾನು ಸ್ವಲ್ಪ ಕಾಯ್ತೀನಿ.

ಹಿಂದುಮುಂದಾಗಿ ನಡೆಯುವುದೂ ಉಂಟು. ಮಾಡಿದ ಆರ್ಡರನ್ನ ವಾಪಸು ತಗೊಂಡರೆ ಜರ್ಮನ್ನರು ‘ಶ್ಟೋರ್ನೀರನ್’ ಅಂತಾರೆ. ನಡೀತಿರೋ ಕೆಲಸವನ್ನ ಅರ್ಧಕ್ಕೆ ನಿಲ್ಲಿಸಿದರೆ ‘ಆಬ್‌ಬ್ರೆಷನ್’, ಕರಾರು ಮುರಿದರೆ ‘ಕ್ಯುಂಡಿಗನ್’, ಮೀಟಿಂಗು ಬೇಡ ಅಂದರೆ ‘ಆಬ್‌ಸಾಗನ್’. ಇಂಗ್ಲಿಷಿಗೆ ಬಂದರೆ ನಾಲ್ಕಕ್ಕೂ ಒಂದೇ ‘ಕ್ಯಾನ್ಸಲ್’. ಆಮೇಲೆ ಪರದೆ ಮೇಲೆ ‘ಕ್ಯಾನ್ಸಲ್ ಮಾಡಬೇಕಾ?’ ಅನ್ನೋ ಪ್ರಶ್ನೆ, ಕೆಳಗೆ ಎರಡು ಗುಂಡಿ: ‘ಓಕೆ’, ‘ಕ್ಯಾನ್ಸಲ್’. ಯಾವುದನ್ನ ಒತ್ತಿದರೆ ಕ್ಯಾನ್ಸಲ್ ಆಗುತ್ತೆ, ಯಾವುದನ್ನ ಒತ್ತಿದರೆ ಕ್ಯಾನ್ಸಲ್ ಮಾಡೋದೇ ಕ್ಯಾನ್ಸಲ್ ಆಗುತ್ತೆ? ಇಲ್ಲಿ ಜರ್ಮನ್ನಿನದ್ದೇನೂ ತಪ್ಪಿಲ್ಲ, ಇಂಗ್ಲಿಷಿನ ಬಡತನ.

ಈಗ ನನ್ನದೇ ಒಂದು ಸಾಲಿನ ಕತೆ ಹೇಳಬೇಕು. ಈ ಬರಹ ಶುರುಮಾಡಿದ್ದೇ ಅದಕ್ಕೆ.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ಮುಂಚೆ ಪರದೆ ಮೇಲೆ ಒಂದು ಎಚ್ಚರಿಕೆ ಬರುತ್ತೆ. ಜರ್ಮನ್‌ನಲ್ಲಿ ಹೀಗಿತ್ತು: ‘ರೆಸೆಪ್ಟ ಗೇಯನ್ ಎವೆಂಟುವೆಲ್ ಫೆರ್‌ಲೋರನ್’. ರೆಸಿಪಿ ಅಂದರೆ ಇಲ್ಲಿ ಅಡಿಗೆಯದ್ದಲ್ಲ. ಯಾವ ಪುಡಿಗೆ ಎಷ್ಟು ಗ್ರಾಂ, ಎಷ್ಟು ವೇಗ, ಸೀಲ್‌ಗೆ ಎಷ್ಟು ಬಿಸಿ ಅನ್ನೋ ಪಟ್ಟಿ. ನಾನು ಹಾಳೆ ಕೈಗೆ ತಗೊಂಡಾಗ ಇಂಗ್ಲಿಷ್ ಕಾಲಮ್ಮಿನಲ್ಲಿ ‘ರೆಸಿಪೀಸ್ ಗೋ ಇವೆಂಚುವಲಿ ಲಾಸ್ಟ್’ ಅಂತಿತ್ತು. ನೋಡಿದರೇ ಮೈ ಉರಿಯುವ ಇಂಗ್ಲಿಷ್. ನಾನು ಅದನ್ನ ‘ರೆಸಿಪೀಸ್ ವಿಲ್ ಇವೆಂಚುವಲಿ ಬಿ ಲಾಸ್ಟ್’ ಅಂತ ತಿದ್ದಿದೆ. ಕ್ರಿಯಾಪದ ಸರಿ, ಕ್ರಿಯಾವಿಶೇಷಣ ಅದರ ಜಾಗದಲ್ಲಿ, ವಾಕ್ಯ ನುಣ್ಣಗೆ. ಅವತ್ತು ಅಂಥ ನಲವತ್ತೋ ಐವತ್ತೋ ಸಾಲು ತಿದ್ದಿ ಖುಷಿಯಾಗಿ ಮನೆಗೆ ಹೋಗಿದ್ದೆ.

‘ಎವೆಂಟುವೆಲ್’ ಅಂದರೆ ಜರ್ಮನ್‌ನಲ್ಲಿ ‘ಬಹುಶಃ, ಆದರೂ ಆಗಬಹುದು’. ಇಂಗ್ಲಿಷಿನ ‘ಇವೆಂಚುವಲಿ’ ಅಂದರೆ ‘ಕೊನೆಗೆ, ಒಂದಲ್ಲ ಒಂದು ದಿನ’. ಎರಡೂ ಲ್ಯಾಟಿನ್ ತಾಯಿಯ ಮಕ್ಕಳು, ಮುಖ ಒಂದೇ, ಬುದ್ಧಿ ಬೇರೆ. ಜರ್ಮನ್ ವಾಕ್ಯ ಹೇಳಿದ್ದು: ಈ ಅಪ್‌ಡೇಟ್‌ನಿಂದ ನಿಮ್ಮ ರೆಸಿಪಿಗಳು ಹೋದರೂ ಹೋಗಬಹುದು, ಹುಷಾರು. ನನ್ನ ವಾಕ್ಯ ಹೇಳಿದ್ದು: ರೆಸಿಪಿಗಳು ಎಂದಾದರೊಂದು ದಿನ ಹೋಗ್ತವೆ.

ಒಂದು ಮಸಾಲೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಆಪರೇಟರ್ ಒಬ್ಬರು ಅಪ್‌ಡೇಟ್ ಒತ್ತಿದರು. ನೂರಾ ನಲವತ್ತು ರೆಸಿಪಿ ಹೋದವು. ಸಹಾಯವಾಣಿಗೆ ಫೋನ್ ಬಂತು. ಕನ್ನಡ ಬರುವವನು ಅಂತ ನನಗೇ ಕೊಟ್ಟರು. ಆ ಮನುಷ್ಯ ಕೂಗಾಡಲಿಲ್ಲ. ಐಟಿಐ ಓದಿದವರು, ನಮ್ಮೂರಿನಿಂದ ಎರಡು ತಾಲ್ಲೂಕು ಆಚೆಯವರು. ‘ಸಾರ್, ಇವೆಂಚುವಲಿ ಅಂದ್ರೆ ಕೊನೆಗೆ ಅಂತ ಅಲ್ವಾ? ನಾನು ಮೊಬೈಲಲ್ಲಿ ಡಿಕ್ಷನರಿನೂ ನೋಡ್ದೆ. ತಿಂಗಳ ಕೊನೇಲಿ ಬ್ಯಾಕಪ್ ತಗೊಳ್ತಾರೆ, ಅಷ್ಟರೊಳಗೆ ಏನಾಗಲ್ಲ ಅಂದ್ಕೊಂಡೆ’ ಅಂದರು. ಎರಡು ದಿನ ಕೂತು ಹಳೇ ಪ್ರಿಂಟ್‌ಔಟ್ ನೋಡಿಕೊಂಡು ಎಲ್ಲವನ್ನೂ ಮತ್ತೆ ಕೈಯಲ್ಲಿ ತುಂಬಿದರಂತೆ. ಜೊತೆಗೆ ‘ಸೂಚನೆ ಓದದೆ ಕೆಲಸ ಮಾಡಿದ್ದಕ್ಕೆ’ ಅಂತ ಅವರಿಗೊಂದು ಮೆಮೊ. ಓದದೆ! ಆ ಸೂಚನೆಯನ್ನ ನಮ್ಮೆಲ್ಲರಿಗಿಂತ ಗಮನವಿಟ್ಟು ಓದಿದ್ದವರು ಅವರೇ.

ಹಾಳೆಯ ಇತಿಹಾಸ ತೆಗೆದು ನೋಡಿದೆ. ತಿದ್ದುಪಡಿಯ ಮುಂದೆ ನನ್ನ ಹೆಸರು.

ನನ್ನನ್ನ ಹೆಚ್ಚು ಕಾಡಿದ್ದು ಅದಲ್ಲ. ನಾನು ಮುಟ್ಟದೆ ‘ರೆಸಿಪೀಸ್ ಗೋ ಇವೆಂಚುವಲಿ ಲಾಸ್ಟ್’ ಅಂತಲೇ ಬಿಟ್ಟಿದ್ದರೆ ಏನಾಗುತ್ತಿತ್ತು? ಅದನ್ನ ಓದಿದ ಯಾರಿಗಾದರೂ ‘ಇದೇನು, ಏನೋ ತಪ್ಪಿದೆಯಲ್ಲ’ ಅನ್ನಿಸ್ತಿತ್ತು. ಅನ್ನಿಸಿ, ಒತ್ತುವ ಮುಂಚೆ ಫೋನ್ ಮಾಡ್ತಿದ್ದರು. ಕುಂಟು ವಾಕ್ಯ ತಾನು ಕುಂಟ ಅಂತ ತಾನೇ ಹೇಳಿಕೊಳ್ಳುತ್ತಿತ್ತು. ನಾನು ಅದಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದೆ. ನನಗೆ ಗೊತ್ತಿದ್ದ ಇಂಗ್ಲಿಷ್ ಅಂದರೆ ವ್ಯಾಕರಣ, ಗೊತ್ತಿದ್ದಷ್ಟನ್ನ ಸರಿ ಮಾಡಿದೆ. ಪಕ್ಕದ ಕಾಲಮ್ಮಿನಲ್ಲಿದ್ದ ಜರ್ಮನ್ ನನ್ನ ಪಾಲಿಗೆ ಬರೀ ಚಿತ್ರವಾಗಿತ್ತು.

ಆಮೇಲೆ ಶನಿವಾರ ಶನಿವಾರ ಜರ್ಮನ್ ಕ್ಲಾಸಿಗೆ ಹೋದೆ. ಮೂರನೇ ತಿಂಗಳಿಗೆ ಇನ್ನೊಂದು ಬಾಂಬು ಸಿಕ್ಕಿತು. ‘ಮುಸ್ ನಿಷ್ಟ್’. ನೋಡೋಕೆ ಥೇಟ್ ಇಂಗ್ಲಿಷಿನ ‘ಮಸ್ಟ್ ನಾಟ್’. ಆದರೆ ಅರ್ಥ ‘ಬೇಕಿಲ್ಲ’. ‘ಕೂಡದು’ ಅನ್ನೋದಕ್ಕೆ ಜರ್ಮನ್‌ನಲ್ಲಿ ‘ಡಾರ್ಫ್ ನಿಷ್ಟ್’ ಅಂತ ಬೇರೆಯೇ ಇದೆ. ಅವತ್ತು ರಾತ್ರಿಯೇ ಹಾಳೆ ತೆಗೆದು ಹುಡುಕಿದೆ. ‘ಈ ಖಾನೆ ತುಂಬಬೇಕಿಲ್ಲ’ ಅನ್ನೋದು ಮೂರು ಕಡೆ ‘ಮಸ್ಟ್ ನಾಟ್ ಬಿ ಫಿಲ್ಡ್’ ಆಗಿತ್ತು, ತುಂಬಕೂಡದು ಅಂತ. ಮೂರೂ ಅಚ್ಚ ಇಂಗ್ಲಿಷ್, ಒಂದು ಕಾಮಾ ತಪ್ಪಿರಲಿಲ್ಲ. ಇನ್ನೂ ಒಂದಿದೆ, ‘ಬಿಸ್’. ‘ಬಿಸ್ ಫ್ರೈಟಾಗ್’ ಅಂದರೆ ‘ಶುಕ್ರವಾರದವರೆಗೆ’ ಅಂತಲೂ ಆಗಬಹುದು, ‘ಶುಕ್ರವಾರದೊಳಗೆ’ ಅಂತಲೂ ಆಗಬಹುದು. ಶುಕ್ರವಾರದವರೆಗೆ ಎಣ್ಣೆ ಹಾಕುತ್ತಿರೋದು ಬೇರೆ, ಶುಕ್ರವಾರದೊಳಗೆ ಒಂದು ಸಲ ಹಾಕೋದು ಬೇರೆ. ‘ಆಕ್ಟುವೆಲ್’ ಅಂದರೆ ‘ಸದ್ಯದ’, ಹಾಳೆಯಲ್ಲಿ ‘ಆಕ್ಚುವಲ್’. ‘ಕಂಟ್ರೊಲೀರನ್’ ಅಂದರೆ ‘ಪರೀಕ್ಷಿಸು’, ಹಾಳೆಯಲ್ಲಿ ‘ಕಂಟ್ರೋಲ್’.

ಅಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಜರ್ಮನ್ನಿನ ಈ ಸಣ್ಣ ಸಣ್ಣ ಮಾತುಗಳು ಇಂಗ್ಲಿಷಿಗಿಂತ ಕನ್ನಡಕ್ಕೆ ಸಲೀಸಾಗಿ ಕೂರ್ತವೆ. ‘ತುಂಬಬೇಕಿಲ್ಲ’, ‘ತುಂಬಬಾರದು’ ಎರಡನ್ನೂ ನಮ್ಮ ಅಜ್ಜಿ ಕೂಡ ಬೆರೆಸೋದಿಲ್ಲ. ‘ಎವೆಂಟುವೆಲ್’ಗೆ ‘ಹೋದರೂ ಹೋಗಬಹುದು’ಗಿಂತ ಒಳ್ಳೆ ಅನುವಾದ ಯಾವ ಭಾಷೆಯಲ್ಲೂ ಇರಲಾರದು. ಜರ್ಮನ್ ಪರದೆ ‘ಝೋಲ್’ ಹಾಕಿ ಕೇಳುವ ಪ್ರಶ್ನೆ ಇಂಗ್ಲಿಷಿಗೆ ಬಂದರೆ ‘ಶುಡ್ ದ ಫೈಲ್ ಬಿ ಡಿಲೀಟೆಡ್?’ ಅಂತ ವೇದಾಂತದ ಚರ್ಚೆ ಆಗುತ್ತೆ. ಕನ್ನಡದಲ್ಲಿ ‘ಫೈಲ್ ಅಳಿಸಲಾ?’, ಮುಗೀತು. ಹಾಳೆಗೆ ಒಂದು ಮೂರನೇ ಕಾಲಂ ಹಾಕಿಕೊಂಡೆ. ಮೊದಲು ಜರ್ಮನ್ನಿನ ಅರ್ಥ ಆಡುಗನ್ನಡದಲ್ಲಿ, ಆಮೇಲೆ ಅದರಿಂದ ಇಂಗ್ಲಿಷು. ಇಂಗ್ಲಿಷಿನಿಂದ ಇಂಗ್ಲಿಷನ್ನ ತಿದ್ದೋದು ಅವತ್ತಿಗೇ ಬಿಟ್ಟೆ.

ಮೆಮೊ ವಿಷಯ ಬಾಕಿ ಉಳೀತಲ್ಲ. ಆ ಕಾರ್ಖಾನೆಗೆ ನಮ್ಮ ಕಡೆಯಿಂದ ಒಂದು ಪತ್ರ ಹೋಗಲೇಬೇಕು ಅಂತ ಹಟ ಹಿಡಿದೆ. ಮೂರು ವಾರ ಮೇಲೆ ಕೆಳಗೆ ಓಡಾಡಿ ಹೋಯ್ತು ಕೂಡ. ನಾನು ಬರೆದಿದ್ದು ‘ನಮ್ಮ ಅನುವಾದ ತಪ್ಪಿತ್ತು, ಆಪರೇಟರ್ ಸರಿಯಾಗಿಯೇ ಓದಿದ್ದರು’ ಅಂತ. ಹೋಗಿದ್ದು ‘ಪಠ್ಯವನ್ನು ಬೇರೆ ರೀತಿಯಲ್ಲಿ ಅರ್ಥೈಸಬಹುದಾಗಿತ್ತು ಎಂದು ಕಂಡುಬಂದಿದೆ’ ಅನ್ನೋ ಧಾಟಿಯಲ್ಲಿ. ಜರ್ಮನ್ ಕಚೇರಿ ಭಾಷೆಯಲ್ಲಿ ಇದಕ್ಕೊಂದು ಗಟ್ಟಿ ಪರಂಪರೆಯೇ ಇದೆ. ಕ್ರಿಯಾಪದವನ್ನ ನಾಮಪದ ಮಾಡಿ, ಕರ್ತೃವನ್ನ ಮನೆಗೆ ಕಳಿಸಿ, ‘ಪರಿಶೀಲನೆಯ ನಿರ್ವಹಣೆ ಬಳಕೆದಾರನಿಂದ ಜರುಗುತ್ತದೆ’ ಅಂತ ಬರೆಯುವುದು. ‘ನೀವು ಒಂದ್ಸಲ ನೋಡಿ’ ಅನ್ನೋದಕ್ಕೆ! ಅದನ್ನ ಇಂಗ್ಲಿಷಿಗೆ ತರುವಾಗ ಎಷ್ಟೋ ಸಲ ಹಾಗೇ ತಂದುಬಿಡ್ತಾರೆ, ‘ದ ಎಕ್ಸಿಕ್ಯೂಶನ್ ಆಫ್ ದ ಚೆಕ್ ಈಸ್ ಕ್ಯಾರೀಡ್ ಔಟ್’ ಅಂತ. ನಗುವ ಹಕ್ಕು ನಮಗಿಲ್ಲ ಬಿಡಿ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅನ್ನೋ ಸುತ್ತೋಲೆಗಳ ನಾಡಿನವರು ನಾವು. ಯಾರು ಕೈಗೊಳ್ತಾರೆ? ‘ಲಾಗುವುದು’ ಅಂದಮೇಲೆ ಯಾರೂ ಇಲ್ಲ. ಮೆಮೊ ಹರಿದು ಹಾಕಿದರಾ ಅಂತ ಆಪರೇಟರ್‌ಗೆ ಕೇಳಿದೆ. ‘ಫೈಲಲ್ಲೇ ಇದೆ ಸಾರ್, ಪಕ್ಕದಲ್ಲಿ ನಿಮ್ಮ ಲೆಟರ್ ಹಾಕಿದ್ದಾರೆ’ ಅಂದರು.

ಮಧ್ಯೆ ಒಂದು ವರ್ಷ ನಮ್ಮ ಇಂಗ್ಲಿಷನ್ನ ನೋಡೋಕೆ ಹುಟ್ಟಾ ಇಂಗ್ಲಿಷಿನವರೊಬ್ಬರನ್ನ ಗೊತ್ತು ಮಾಡಿದ್ದರು. ಒಳ್ಳೆ ಮನುಷ್ಯ, ಭಾಷೆ ಮೇಲೆ ಪ್ರೀತಿ ಇದ್ದವರು. ಜರ್ಮನ್‌ನಲ್ಲಿ ‘ದೋಷ ಉಂಟಾಗಿದೆ, ಸಂಕೇತ 4711’ ಅಂತಿದ್ದುದನ್ನ ಅವರು ‘ಊಪ್ಸ್! ಸಮ್‌ಥಿಂಗ್ ವೆಂಟ್ ರಾಂಗ್’ ಮಾಡಿದರು. ಮೊಬೈಲ್ ಆ್ಯಪ್‌ಗಳಲ್ಲಿ ಹಾಗೇ ಇರುತ್ತೆ, ಅದು ಸಹಜ ಇಂಗ್ಲಿಷ್ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೂರು ಕಿಲೋ ಅರಿಶಿನ ಪುಡಿ ಹೊಟ್ಟೆಯಲ್ಲಿಟ್ಟುಕೊಂಡು ನಿಂತ ಯಂತ್ರ ‘ಊಪ್ಸ್’ ಅಂದರೆ ಆಪರೇಟರ್ ಏನು ಮಾಡಬೇಕು? ಜರ್ಮನ್ ವಾಕ್ಯ ಸಪ್ಪೆ ಇರಬಹುದು, ಅದರಲ್ಲಿ ಸಂಕೇತ ಇತ್ತು, ಫೋನ್ ಮಾಡಿ ಹೇಳೋಕೆ ಒಂದು ನಂಬರ್ ಇತ್ತು. ನಮ್ಮ ಪರದೆಗಳನ್ನ ಓದುವವರಲ್ಲಿ ಇಂಗ್ಲಿಷ್ ತಾಯ್ನುಡಿಯವರು ಎಷ್ಟು ಜನ? ಪೋಲೆಂಡ್, ಬ್ರೆಜಿಲ್, ವಿಯೆಟ್ನಾಂ, ನಮ್ಮ ಹುಬ್ಬಳ್ಳಿ. ಇವರೆಲ್ಲರ ಮಧ್ಯೆ ಇಂಗ್ಲಿಷ್ ಒಂದು ಸೇತುವೆ. ಸೇತುವೆ ಮೇಲೆ ಕಸೂತಿ ಹಾಕಿದರೆ ಕಾಲು ಜಾರುತ್ತೆ. ವಿಮಾನ ರಿಪೇರಿ ಕೈಪಿಡಿಗಳಿಗೆ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಅಂತ ಒಂದು ಮಾನಕವಿದೆ. ಒಂದು ಪದಕ್ಕೆ ಒಂದೇ ಅರ್ಥ, ‘ಹೀಗೆ ಮಾಡಿ’ ಅನ್ನೋ ವಾಕ್ಯ ಇಪ್ಪತ್ತು ಪದ ದಾಟಬಾರದು. ಓದೋಕೆ ರುಚಿ ಇರೋದಿಲ್ಲ, ಆದರೆ ರೆಕ್ಕೆ ಕಳಚಿ ಬೀಳೋದಿಲ್ಲ. ನನ್ನ ಮತ ಆ ಕಡೆಗೆ.

ಈಗ ಮಷೀನ್ ಅನುವಾದ ಬಂದಿದೆಯಲ್ಲ, ನಿನಗೆ ಇನ್ನೇನು ಕೆಲಸ ಅಂತ ಗೆಳೆಯರು ಕೇಳ್ತಾರೆ. ನಿಜ ಹೇಳಬೇಕು ಅಂದರೆ ‘ಎವೆಂಟುವೆಲ್’, ‘ಮುಸ್ ನಿಷ್ಟ್’ ಇವನ್ನೆಲ್ಲ ಪೂರ್ತಿ ವಾಕ್ಯದಲ್ಲಿ ಕೊಟ್ಟರೆ ಜರ್ಮನಿಯದೇ ಆದ ಡೀಪ್‌ಎಲ್ ಸಾಮಾನ್ಯವಾಗಿ ತಪ್ಪು ಮಾಡೋದಿಲ್ಲ. ಅವತ್ತು ನಾನು ಅದನ್ನ ಕೇಳಿದ್ದರೂ ಸಾಕಿತ್ತು. ಕಷ್ಟ ಇರೋದು ಒಂಟಿ ಪದಗಳಲ್ಲಿ. ಹಾಳೆಯ ಒಂದು ಸಾಲಿನಲ್ಲಿ ಬರೀ ‘ಆನ್‌ಲಾಗೆ’ ಅಂತ ಇರುತ್ತೆ. ಪತ್ರದ ಜೊತೆ ಬಂದರೆ ಅದು ಲಗತ್ತು, ಕಾರ್ಖಾನೆಯಲ್ಲಿ ಸ್ಥಾವರ, ಲೆಕ್ಕಪತ್ರದಲ್ಲಿ ಆಸ್ತಿ. ‘ಶ್ಟಾಂಟ್’ ಅಂತ ಇರುತ್ತೆ. ತಾರೀಕಿನ ಪಕ್ಕ ಬಂದರೆ ‘ಈ ದಿನದವರೆಗಿನ ಮಾಹಿತಿ’, ತೊಟ್ಟಿಯ ಪಕ್ಕ ಬಂದರೆ ‘ಮಟ್ಟ’. ಯಾವ ಪರದೆ, ಯಾವ ಗುಂಡಿ, ಯಾರು ಒತ್ತುವವರು ಅಂತ ಗೊತ್ತಿಲ್ಲದೆ ಮನುಷ್ಯನೂ ಹೇಳಲಾರ, ಯಂತ್ರವೂ ಹೇಳಲಾರದು. ಯಂತ್ರ ಮಾತ್ರ ಧೈರ್ಯವಾಗಿ ಏನಾದರೊಂದು ಹೇಳಿಬಿಡುತ್ತೆ, ಅದೂ ಇಸ್ತ್ರಿ ಮಾಡಿದ ಇಂಗ್ಲಿಷಿನಲ್ಲಿ.

ಆಗೆಲ್ಲ ನನಗೆ ಕಿಟೆಲ್ ನೆನಪಾಗ್ತಾರೆ. ಜರ್ಮನಿಯಿಂದ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದು, ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು, ಸುಮಾರು 70,000 ಪದ. ಜರ್ಮನ್ನನೊಬ್ಬ ಕನ್ನಡವನ್ನ ಇಂಗ್ಲಿಷಿಗೆ ದಾಟಿಸಿದ, ಕನ್ನಡಿಗನೊಬ್ಬ ಜರ್ಮನ್ನನ್ನ ಇಂಗ್ಲಿಷಿಗೆ ದಾಟಿಸ್ತಿದ್ದಾನೆ ಅಂತ ನಾನು ಹೋಲಿಸಿಕೊಂಡರೆ ಅದು ಹುಚ್ಚುತನ, ಗೊತ್ತಿದೆ. ಆದರೆ ಆ ಪುಸ್ತಕ ತೆಗೆದು ನೋಡಿ. ಎಷ್ಟೋ ಪದಗಳ ಜೊತೆ ಗಾದೆ ಇದೆ, ಕಾವ್ಯದಲ್ಲಿ ಎಲ್ಲಿ ಬಂತು ಅನ್ನೋದು ಇದೆ. ಪದ ಒಂಟಿಯಾಗಿ ಸಿಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಎಕ್ಸೆಲ್ಲಿನಲ್ಲಿ ‘ಎಲ್ಲಿ ಬರುತ್ತೆ’ ಅನ್ನೋ ಕಾಲಂ ಹಾಕಿಸೋಕೆ ನನಗೆ ನಾಲ್ಕು ವರ್ಷ ಹಿಡೀತು.

ಕಳೆದ ತಿಂಗಳು ಅದೇ ಕಾರ್ಖಾನೆಗೆ ಹೋಗಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಹಾಳೆ ತೆರೆದಿತ್ತು. ಆಪರೇಟರ್ ಬಗ್ಗಿ ನೋಡಿ, ‘ಸಾರ್, ಇದು ಕನ್ನಡ ಇದೆಯಲ್ಲ?’ ಅಂದರು. ನನ್ನ ಅರ್ಥಕ್ಕೆ ಬರೆದುಕೊಂಡಿದ್ದು ಅಂದೆ. ‘ಮತ್ತೆ ಇದನ್ನೇ ಪರದೆಗೆ ಹಾಕೋದಲ್ವಾ? ಮಧ್ಯ ಇಂಗ್ಲಿಷ್ ಯಾಕೆ?’

ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದು ಒಂದು ಹಳೇ ಪರದೆಯ ಮೇಲೆ ಹಾಕಿ ನೋಡಿದೆ. ಆ ಪರದೆಗೆ ಒತ್ತಕ್ಷರ ಕೂಡಿಸೋಕೆ ಬರೋದಿಲ್ಲ. ‘ಮುಚ್‌ಚಳ ತೆಗೀಬಾರದು’ ಅಂತ ಬಂತು. ಫೋಟೋ ತೆಗೆದು ಅವರಿಗೆ ವಾಟ್ಸ್ಆ್ಯಪ್ ಮಾಡಿ, ಸರಿಯಾಗಿ ಬರ್ತಿಲ್ಲ ಅಂತ ಬರೆದೆ. ‘ಓದಕ್ಕಾಗುತ್ತೆ ಸಾರ್’ ಅಂತ ಉತ್ತರ ಬಂತು.